ನಾಲ್ಕು ಓದಿ ಕೈಬಿಟ್ಟವರಿಗೆ

ಪ್ರಶ್ನೆ: ಲಂಡನ್ನಿನ ಪೊಲೀಸನೊಬ್ಬ ಮಂತ್ರವಿದ್ಯೆ ಕಲಿಯುವ 'ರಿವರ್ಸ್ ಆಫ್ ಲಂಡನ್' ಇಂಗ್ಲಿಷ್ ಸರಣಿಯ ಮೊದಲ ನಾಲ್ಕು ಕಾದಂಬರಿಗಳನ್ನು ಹತ್ತು ವರ್ಷದ ಹಿಂದೆ ಓದಿ ಬಿಟ್ಟಿದ್ದೆ. ಈಗ ಮುಂದುವರಿಸುವ ಆಸೆ ಬಂದಿದೆ. ಆದರೆ ಅರ್ಧಕ್ಕರ್ಧ ಮರೆತುಹೋಗಿದೆ. ಮತ್ತೆ ಮೊದಲ ಪುಸ್ತಕದಿಂದಲೇ ಓದಬೇಕೇ?

ಬೇಡ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಈ 'ಬೇಡ'ದ ಬೆನ್ನಿಗೇ 'ಆದರೂ ಸರ್' ಎಂದು ಶುರುವಾಗುವ ಇನ್ನೊಂದು ಪ್ರಶ್ನೆ ಬರುತ್ತದೆ ಎಂಬುದು ನನಗೆ ಅನುಭವದಿಂದ ಗೊತ್ತು. ಆದ್ದರಿಂದ ಈ ಸಲ ಉದ್ದಕ್ಕೇ ಬರೆಯುತ್ತೇನೆ.

ಮಾಡಬೇಕಾದ್ದು ಇಷ್ಟೇ. ನಾಲ್ಕನೆಯ ಪುಸ್ತಕದ ಕೊನೆಯ ಎರಡು ಅಧ್ಯಾಯ ಓದಿ. ಅಲ್ಲಿ ಯಾರು ಯಾರಿಗೆ ಕೈಕೊಟ್ಟರು ಎಂಬುದು ನೆನಪಾದರೆ ಸಾಕು (ಅದನ್ನು ಮರೆತವರನ್ನು ನಾನಂತೂ ಇನ್ನೂ ಕಂಡಿಲ್ಲ). ಮರುದಿನ ಐದನೆಯದನ್ನು ಹಿಡಿಯಿರಿ.

ಇನ್ನು ಆ ಹಟಮಾರಿ ನಂಬಿಕೆಯ ವಿಷಯ. 'ಸರಣಿ ಎಂದಮೇಲೆ ಬಿಟ್ಟುಹೋದರೆ ಮೊದಲಿನಿಂದ ಓದಲೇಬೇಕು, ಇಲ್ಲವಾದರೆ ಏನೂ ತಿಳಿಯುವುದಿಲ್ಲ.' ಇದನ್ನು ಯಾರು ಹುಟ್ಟಿಸಿದರೋ, ಎಷ್ಟೋ ಓದುಗರನ್ನು ಹಾಳು ಮಾಡಿದೆ. ನಾನೂ ಒಮ್ಮೆ ನಂಬಿ ಕೆಟ್ಟವನು. ಶ್ರದ್ಧೆಯಿಂದ ಮೊದಲ ಪುಸ್ತಕ ತೆಗೆದೆ. ಕೊವೆಂಟ್ ಗಾರ್ಡನ್‌ನ ಚಳಿರಾತ್ರಿ, ತಲೆ ಹಾರಿಹೋದ ಹೆಣ, ಕಾವಲಿಗೆ ನಿಂತ ಎಳೆಯ ಪೇದೆ ಪೀಟರ್ ಗ್ರಾಂಟ್, ಅವನ ಬಳಿ ಬಂದು ಸಾಕ್ಷಿ ಹೇಳುವ ದೆವ್ವ. ಚೆನ್ನಾಗಿಯೇ ಇತ್ತು. ಎರಡನೆಯದರ ಜಾಜ್ ಸಂಗೀತಗಾರರ ಸಾವುಗಳ ಹೊತ್ತಿಗೆ ಕೊಲೆಗಾರರು ಯಾರೆಂದು ನೆನಪಾಗಿ ಪುಟ ಹಾರಿಸತೊಡಗಿದೆ. ಮೂರನೆಯದರಲ್ಲಿ ಬೇಕರ್ ಸ್ಟ್ರೀಟ್ ರೈಲು ನಿಲ್ದಾಣದ ಕೊಲೆಯಿಂದ ಹೊರಟು, ಪೀಟರನ ಜೊತೆ ಲಂಡನ್ನಿನ ಒಳಚರಂಡಿಗೆ ಇಳಿದವನು ಅಲ್ಲಿಯೇ ಉಳಿದೆ. ಹೊಸ ಪುಸ್ತಕದ ಆಸೆಗೆ ಹೊರಟವನು ಹಳೆಯದರಲ್ಲಿ ದಣಿದು ಮತ್ತೆ ಎರಡು ವರ್ಷ ಸರಣಿಯನ್ನು ಮುಟ್ಟಲಿಲ್ಲ. ಮೊದಲಿನಿಂದ ಓದಿ ಎಂದು ಬುದ್ಧಿ ಹೇಳುವವರಲ್ಲಿ ಮುಕ್ಕಾಲು ಪಾಲು ಹೀಗೆ ಮೂರನೆಯದರಲ್ಲಿ ಕೂತವರೇ ಇರಬೇಕು ಎಂಬುದು ನನ್ನ ಗುಮಾನಿ.

ಸ್ವಲ್ಪ ಲೆಕ್ಕ ಹಾಕಿ. ಬೆನ್ ಆರೊನೊವಿಚ್ ಮೊದಲೆರಡು ಕಾದಂಬರಿಗಳನ್ನು ತಂದದ್ದು 2011ರಲ್ಲಿ. 2014ರ ಹೊತ್ತಿಗೆ ಐದಾದವು. ಆಮೇಲೆ 2016, 2018, 2020, 2022, ಹತ್ತನೆಯದು 2025ರಲ್ಲಿ. ಬಿಡುಗಡೆಯಾದ ದಿನವೇ ಕೊಂಡು ಓದುವ ನಿಷ್ಠಾವಂತನಿಗೂ ಎರಡು ಪುಸ್ತಕಗಳ ನಡುವೆ ಎರಡು ಮೂರು ವರ್ಷದ ಅಂತರ. ಅವನೇನು ಪ್ರತಿ ಸಲವೂ ಹಿಂದಿನ ಎಲ್ಲವನ್ನೂ ಓದಿಕೊಂಡು ಕೂರುತ್ತಾನೆಯೇ? ಓದುಗ ಮರೆಯುತ್ತಾನೆ ಎಂಬುದು ಬರೆಯುವವನಿಗೆ ಗೊತ್ತಿರುತ್ತದೆ, ಆ ಮರೆವಿಗೆ ತಕ್ಕಂತೆಯೇ ಬರೆಯುತ್ತಾನೆ.

ಇದು ನಮಗೆ ಹೊಸದೂ ಅಲ್ಲ. ಕರ್ಣಪರ್ವದ ಗಮಕ ಕೇಳಲು ಹೋದವರನ್ನು 'ಆದಿಪರ್ವ ಕೇಳಿಕೊಂಡು ಬನ್ನಿ' ಎಂದು ಯಾರೂ ಬಾಗಿಲಿಂದ ಹಿಂದಕ್ಕೆ ಕಳಿಸುವುದಿಲ್ಲ. ಗಮಕಿ ಷಟ್ಪದಿ ಎತ್ತುವ ಮೊದಲು ವ್ಯಾಖ್ಯಾನಕಾರರು ನಾಲ್ಕು ಮಾತಿನಲ್ಲಿ ಹಿಂದಿನದನ್ನು ಜೋಡಿಸಿಕೊಡುತ್ತಾರೆ. ಪೀಟರ್ ಗ್ರಾಂಟ್ ತನ್ನ ಕಥೆಗೆ ತಾನೇ ವ್ಯಾಖ್ಯಾನಕಾರ. ಕಥೆ ಹೇಳುವವನು ಅವನು, ಅದರಲ್ಲೂ ವಾಚಾಳಿ. ನೈಟಿಂಗೇಲ್ ಎಂಬ ತನ್ನ ಮಂತ್ರವಿದ್ಯೆಯ ಗುರು 1900ರಲ್ಲಿ ಹುಟ್ಟಿಯೂ ನಡುವಯಸ್ಸಿನವನಂತೆ ಕಾಣುವುದನ್ನು, ಮಂತ್ರ ಅತಿಯಾದರೆ ಮಿದುಳು ಹೂಕೋಸಿನಂತಾಗುವುದನ್ನು ಅವನು ನೆನಪಿಸುತ್ತಲೇ ಇರುತ್ತಾನೆ. ನನಗಂತೂ ಕೆಲವೊಮ್ಮೆ 'ಸಾಕು ಮಾರಾಯ, ಗೊತ್ತಾಯಿತು' ಅನ್ನಿಸಿದೆ.

ಒಂದೇ ಉದಾಹರಣೆ ನೋಡಿ. ಈ ಲೋಕದಲ್ಲಿ ಹತ್ತಿರದಲ್ಲಿ ಮಂತ್ರ ಪ್ರಯೋಗವಾದರೆ ಚಾಲೂ ಇರುವ ಮೊಬೈಲಿನ ಚಿಪ್ ಮರಳಿನಂತೆ ಪುಡಿಯಾಗುತ್ತದೆ. ಈ ನಿಯಮ ನಿಮಗೆ ಮರೆತಿದೆ ಎಂದೇ ಇಟ್ಟುಕೊಳ್ಳೋಣ. ಐದನೆಯ ಪುಸ್ತಕದಲ್ಲಿ ಇಬ್ಬರು ಹನ್ನೊಂದು ವರ್ಷದ ಹುಡುಗಿಯರು ಕಾಣೆಯಾಗುತ್ತಾರೆ. ಅವರ ಮೊಬೈಲ್‌ಗಳು ಸಿಗುತ್ತವೆ, ಆದರೆ ಕೆಟ್ಟಿವೆ. ಪೀಟರ್ ಅವುಗಳ ಒಳಗನ್ನು ನೋಡುತ್ತಾನೆ. ಅಲ್ಲಿಗೆ ನಿಯಮವೂ ನೆನಪಾಯಿತು, ಕಥೆಯೂ ಮುಂದೆ ಹೋಯಿತು. ಇದಕ್ಕಾಗಿ ಸಾವಿರಕ್ಕೂ ಹೆಚ್ಚು ಹಳೆಯ ಪುಟ ತಿರುವಬೇಕೇ?

ಆ ಐದನೆಯ ಪುಸ್ತಕವೇ ಮರಳುವವರಿಗೆ ಕಟ್ಟಿಸಿಟ್ಟ ಬಾಗಿಲಿನಂತಿದೆ. ಕಥೆ ಲಂಡನ್ ಬಿಟ್ಟು ಹೆರೆಫರ್ಡ್‌ಶೈರ್‌ನ ಹಳ್ಳಿಗಾಡಿಗೆ ಹೋಗುತ್ತದೆ. ಹಳೆಯ ಮುಖಗಳು ಕಡಿಮೆ, ಪೀಟರನಿಗೂ ಅಲ್ಲಿ ಎಲ್ಲರೂ ಹೊಸಬರೇ. ನಿಮ್ಮಷ್ಟೇ ಅವನೂ ತಡಕಾಡುತ್ತಾನೆ. ಅಲ್ಲಿಂದ ಆರು, ಏಳು ಮಾತ್ರ ಕ್ರಮವಾಗಿ ಓದಿ, ಮುಖವಿಲ್ಲದ ಮಾಂತ್ರಿಕ ಎಂಬ ಖಳನ ಕಥೆ ಏಳರಲ್ಲಿ ಮುಗಿಯುತ್ತದೆ. ಎಂಟು ಹೊಸ ಆರಂಭ. ಕಾಮಿಕ್ಸ್, ಕಿರುಕಾದಂಬರಿಗಳನ್ನು ಸದ್ಯಕ್ಕೆ ಬದಿಗಿಡಿ. ಮೊದಲನೆಯದನ್ನು ಪ್ರೀತಿಗಾಗಿ ಮತ್ತೆ ಓದುವವರಿಗೆ ನನ್ನ ತಕರಾರಿಲ್ಲ, ಸುಂಕ ಕಟ್ಟಿದಂತೆ ಓದಬೇಡಿ ಎಂದಷ್ಟೇ.

ನಿಜವಾಗಿ ಮರೆಯುವುದು ನದಿಗಳ ವಂಶಾವಳಿ. ಈ ಕಥೆಯಲ್ಲಿ ಲಂಡನ್ನಿನ ಒಂದೊಂದು ನದಿಯೂ ಮನುಷ್ಯರೂಪದ ದೇವತೆ. ಯಾರು ಯಾರ ಮಗಳು? ನೈಜೀರಿಯಾದಿಂದ ನರ್ಸ್ ಕೆಲಸ ಕಲಿಯಲು ಬಂದವಳು ಮಾಮಾ ಥೇಮ್ಸ್ ಆದಳು. ಬೆವರ್ಲಿ ಬ್ರೂಕ್, ಟೈಬರ್ನ್, ಫ್ಲೀಟ್, ಎಫ್ರಾ ಅವಳ ಹೆಣ್ಣುಮಕ್ಕಳು. ಎಲ್ಲವೂ ಲಂಡನ್ನಿನ ನಿಜವಾದ ಹೊಳೆಗಳು, ಟೈಬರ್ನ್ ಮತ್ತು ಫ್ಲೀಟ್ ಈಗ ನೆಲದಡಿಯ ಕೊಳವೆಗಳಲ್ಲಿ ಹರಿಯುತ್ತವೆ. ಇವರಿಗಿಂತ ಮೊದಲಿದ್ದ ಫಾದರ್ ಥೇಮ್ಸ್ 1858ರ ಬೇಸಿಗೆಯಲ್ಲಿ ಊರು ಬಿಟ್ಟು ಮೇಲ್ದಂಡೆಗೆ ಹೋದವನು. ಆ ವರ್ಷ ಲಂಡನ್ನಿನಲ್ಲಿ ಥೇಮ್ಸ್ ನಿಜವಾಗಿಯೂ ಎಷ್ಟು ನಾರುತ್ತಿತ್ತೆಂದರೆ, ಸಂಸತ್ತಿನ ಕಿಟಕಿ ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ತೂಗುಹಾಕಿದ್ದರು. ಅದಾದಮೇಲೆಯೇ ಬಜಲ್ಗೆಟ್ ಎಂಬ ಎಂಜಿನಿಯರ್ ಕೈಗೆ ದೊಡ್ಡ ಒಳಚರಂಡಿ ಕಟ್ಟಲು ಹಣ ಬಂದದ್ದು.

ನದಿ ಒಬ್ಬ ಹೆಂಗಸು, ಅವಳಿಗೆ ತವರು, ಕೋಪ, ಮರ್ಯಾದೆ ಎಲ್ಲ ಇವೆ ಎಂದರೆ ಇಂಗ್ಲಿಷ್ ಓದುಗ ಅದನ್ನು ಫ್ಯಾಂಟಸಿ ಎನ್ನುತ್ತಾನೆ. ಕಾವೇರಿಗೆ ಬಾಗಿನ ಬಿಡುವ ಊರಿನವರಿಗೆ ಅದರಲ್ಲಿ ಮಾಯೆಯೇನು ಕಂಡೀತು? ಬಸವನಗುಡಿಯ ದೊಡ್ಡ ಬಸವನ ಪಾದದಡಿ ಹುಟ್ಟುವಳೆಂದು ಹೇಳುವ ವೃಷಭಾವತಿ, ಅರ್ಕಾವತಿಯನ್ನು ಕೂಡಿಕೊಂಡು ಕೊನೆಗೆ ಕಾವೇರಿಗೆ ಸೇರುತ್ತಾಳೆ. ಸಂಬಂಧದಲ್ಲಿ ಮೊಮ್ಮಗಳೆನ್ನಬಹುದು. ಮೈಸೂರು ರಸ್ತೆಯಲ್ಲಿ, ಗಾಳಿ ಆಂಜನೇಯನ ಗುಡಿಯ ಹತ್ತಿರ ಬಸ್ಸಿನ ಕಿಟಕಿ ಎಳೆದುಕೊಳ್ಳುವಾಗಲೆಲ್ಲ, ಆರೊನೊವಿಚ್‌ನ ಲೆಕ್ಕದಲ್ಲಿ ಇವಳು ಯಾವ ವರ್ಷ ಎದ್ದುಹೋಗಿರಬೇಕು ಎಂದು ಯೋಚಿಸುತ್ತೇನೆ. ನೀವು ಇದನ್ನು ಕೇಳಿರಲಿಲ್ಲ, ಗೊತ್ತು.