ಸೆಪ್ಟೆಂಬರ್ 2 ಅಂದರೆ ಯಾವ ಸೆಪ್ಟೆಂಬರ್ 2?

ಪತ್ರಿಕೆಗಳಿಗೆ 'ದಿನದ ವಿಶೇಷ' ಬರೆದುಕೊಡುವುದು ನನ್ನ ಕೆಲಸ. ಆ ದಿನದ ಹವೆ ಎಂಥದ್ದು, ಯಾವ ಆಚರಣೆ ಇದೆ, ಚರಿತ್ರೆಯಲ್ಲಿ ಏನಾಯಿತು, ಯಾರು ಹುಟ್ಟಿದರು. ಪ್ರತಿ ತಾರೀಖಿಗೂ ಒಂದೊಂದು ರಟ್ಟಿನ ಕಾರ್ಡು ಮಾಡಿಟ್ಟಿದ್ದೇನೆ, ಒಟ್ಟು 366. ಅವುಗಳಲ್ಲಿ ತಿದ್ದಿ ತಿದ್ದಿ ಅಂಚು ಸವೆದಿರುವುದು ಸೆಪ್ಟೆಂಬರ್ 2ರ ಕಾರ್ಡು. ಓದುಗರ ಜೊತೆ ಜಾಸ್ತಿ ವಾದ ಆಗುವುದೂ ಆ ದಿನದ ಬಗ್ಗೆಯೇ.

ವಾದ ಯಾವಾಗಲೂ ಒಂದೇ. 1666ರಲ್ಲಿ ಲಂಡನ್ನಿನ ಮಹಾ ಬೆಂಕಿ ಹೊತ್ತಿಕೊಂಡಿದ್ದು ಸೆಪ್ಟೆಂಬರ್ 2, ಭಾನುವಾರ ಎಂದು ಬರೆದಿರುತ್ತೇನೆ. ಹನ್ನೊಂದು ಗಂಟೆಯೊಳಗೆ ಫೋನ್ ಬರುತ್ತದೆ. "ಸಾರ್, ಮೊಬೈಲಲ್ಲಿ ನೋಡಿದೆ, ಅವತ್ತು ಗುರುವಾರ. ವಾರ ತಪ್ಪು ಹಾಕಿದೀರಿ."

ವಾರ ತಪ್ಪಿಲ್ಲ. ಮೊಬೈಲಿನ ಲೆಕ್ಕವೂ ತಪ್ಪಿಲ್ಲ. ಅದು ಈಗಿನ ಕ್ಯಾಲೆಂಡರನ್ನೇ ಹಿಂದಕ್ಕೆ ಎಳೆದುಕೊಂಡು ಹೋಗಿ ಎಣಿಸಿದೆ. ಆದರೆ 1666ರ ಲಂಡನ್ ಜನ ಆ ಕ್ಯಾಲೆಂಡರ್ ಬಳಸುತ್ತಿರಲಿಲ್ಲ. ಬೆಂಕಿಯನ್ನು ಕಣ್ಣಾರೆ ಕಂಡ ಸ್ಯಾಮುಯೆಲ್ ಪೀಪ್ಸ್ ತನ್ನ ದಿನಚರಿಯಲ್ಲಿ ಅದನ್ನು ಭಾನುವಾರ ಎಂದೇ ಗುರುತಿಸಿದ್ದಾನೆ.

ಲಂಡನ್ನಿನವರು ಬಳಸುತ್ತಿದ್ದ ಹಳೆಯ ಜೂಲಿಯನ್ ಕ್ಯಾಲೆಂಡರಿನ ಲೆಕ್ಕದಲ್ಲಿ ವರ್ಷಕ್ಕೆ 365 ದಿನ 6 ಗಂಟೆ. ನಿಜವಾದ ವರ್ಷ ಅದಕ್ಕಿಂತ ಸುಮಾರು 11 ನಿಮಿಷ ಚಿಕ್ಕದು. ಹನ್ನೊಂದು ನಿಮಿಷ ಏನು ಮಹಾ ಅನ್ನಿಸಬಹುದು. ಆದರೆ ಅದು ಸುಮಾರು 128 ವರ್ಷಕ್ಕೆ ಒಂದು ದಿನವಾಗಿ ಕೂಡಿಕೊಳ್ಳುತ್ತದೆ, ತಾರೀಖು ಋತುವಿನಿಂದ ಜಾರುತ್ತಾ ಹೋಗುತ್ತದೆ. 1582ರಲ್ಲಿ ಪೋಪ್ ಹದಿಮೂರನೇ ಗ್ರೆಗರಿ ಇದನ್ನು ಸರಿಪಡಿಸಿದರು. ಅಕ್ಟೋಬರ್ 4ರ ಮಾರನೇ ದಿನ ನೇರವಾಗಿ ಅಕ್ಟೋಬರ್ 15 ಬಂತು. ಆದರೆ ಇಂಗ್ಲೆಂಡ್ ಇನ್ನೂ 170 ವರ್ಷ ಹಳೆಯದನ್ನೇ ಹಿಡಿದುಕೊಂಡಿತು. ಹಾಗಾಗಿ ಲಂಡನ್ನಿನಲ್ಲಿ ಸೆಪ್ಟೆಂಬರ್ 2 ಆಗಿದ್ದ ದಿನವೇ ಪ್ಯಾರಿಸ್ಸಿನಲ್ಲಿ ಸೆಪ್ಟೆಂಬರ್ 12. ಮೊಬೈಲಿನಲ್ಲಿ 1666ರ ಸೆಪ್ಟೆಂಬರ್ 12 ಹಾಕಿ ನೋಡಿ. ಭಾನುವಾರ ಬರುತ್ತದೆ.

ಇಷ್ಟು ಹೇಳಿದರೆ ಎಲ್ಲರಿಗೂ ಅರ್ಥವಾಗುತ್ತದೆ. ಎಡವುವುದು ಇದರ ಮುಂದೆ. ಗುಟ್ಟು ತಿಳಿಯಿತು ಅಂತ ಸಿಕ್ಕ ಸಿಕ್ಕ ಹಳೆಯ ತಾರೀಖಿಗೆಲ್ಲ ದಿನ ಕೂಡಿಸಲು ಶುರು ಮಾಡುತ್ತಾರೆ. ನನಗೆ ತಾಳ್ಮೆ ತಪ್ಪುವುದು ಇಲ್ಲೇ.

ಅದೇ ಕಾರ್ಡಿನಲ್ಲಿ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ಹೆಸರಿದೆ. 1909ರಲ್ಲಿ ರಸಾಯನಶಾಸ್ತ್ರಕ್ಕೆ ನೊಬೆಲ್ ಪಡೆದವರು. ಹುಟ್ಟಿದ್ದು 1853ರಲ್ಲಿ, ರೀಗಾದಲ್ಲಿ. ಆಗ ರೀಗಾ ರಷ್ಯಾ ಸಾಮ್ರಾಜ್ಯದ ಊರು, ಅಲ್ಲಿ ಹಳೆಯ ಕ್ಯಾಲೆಂಡರೇ ನಡೆಯುತ್ತಿತ್ತು. ಊರಿನವರ ಪ್ರಕಾರ ಅವತ್ತು ಆಗಸ್ಟ್ 21. ಹೊಸ ಲೆಕ್ಕಕ್ಕೆ ತಂದರೆ ಸೆಪ್ಟೆಂಬರ್ 2. ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವ ಸೆಪ್ಟೆಂಬರ್ 2 ಆಗಲೇ ಬದಲಾಯಿಸಿ ಇಟ್ಟ ತಾರೀಖು. ನನ್ನ ಹತ್ತಿರ ಕೆಲಸ ಕಲಿಯಲು ಬಂದಿದ್ದ ಒಬ್ಬ ಹುಡುಗ, ತುಂಬಾ ಚುರುಕು, ಅದಕ್ಕೆ ಮತ್ತೆ 12 ಕೂಡಿಸಿ ಸೆಪ್ಟೆಂಬರ್ 14ರ ಕಾರ್ಡಿಗೆ ಹಾಕಿಬಿಟ್ಟಿದ್ದ. ಒಮ್ಮೆ ಬದಲಾಯಿಸಿದ್ದನ್ನು ಇನ್ನೊಮ್ಮೆ ಬದಲಾಯಿಸಿದರೆ ಆ ದಿನ ಯಾವ ಕ್ಯಾಲೆಂಡರಿಗೂ ಸೇರುವುದಿಲ್ಲ.

ಅಂತರ ಕೂಡ ಒಂದೇ ಸಮ ಇರುವುದಿಲ್ಲ. 1582ರಿಂದ 1700ರವರೆಗೆ 10 ದಿನ, ಆಮೇಲಿನ ನೂರು ವರ್ಷ 11, ಅದರಾಚೆ 12, 1900ರಿಂದ 13. ಅದಕ್ಕೇ ಕೇಳಿಕೊಳ್ಳುತ್ತೇನೆ, ಮೊದಲು ಒಂದು ಪ್ರಶ್ನೆ ಹಾಕಿಕೊಳ್ಳಿ. ಕೈಯಲ್ಲಿರುವ ತಾರೀಖು ಆ ಊರಿನವರು ಆಗ ಬರೆದದ್ದೋ, ಆಮೇಲೆ ಯಾರೋ ಬದಲಾಯಿಸಿದ್ದೋ? ಉತ್ತರ ಗೊತ್ತಾಗುವವರೆಗೆ ಅದನ್ನು ಮುಟ್ಟಬೇಡಿ. ನಾನು ಕಾರ್ಡಿನಲ್ಲಿ ಹಳೆಯ ಲೆಕ್ಕಕ್ಕೆ 'ಹ', ಹೊಸದಕ್ಕೆ 'ಹೊ' ಎಂದು ಪೆನ್ಸಿಲಿನಲ್ಲಿ ಬರೆಯುತ್ತೇನೆ. ಗೊತ್ತಿಲ್ಲದಿದ್ದರೆ ಜಾಗ ಖಾಲಿ ಬಿಡುತ್ತೇನೆ.

ಬದಲಾಯಿಸಲೇಬೇಕಾದ ಸಂದರ್ಭವೂ ಇದೆ. ಬೆಂಕಿಯ ನೆನಪಿನ ದಿನ ಆಚರಿಸುವುದಾದರೆ ಸೆಪ್ಟೆಂಬರ್ 2 ಇರಲಿ, ಲಂಡನ್ ಅದನ್ನು ಹಾಗೇ ನೆನೆಯುತ್ತದೆ. ಆದರೆ ಹವೆಯ ಮಾತು ಬಂದರೆ ಬೇರೆ. ಆ ವರ್ಷದ ಒಣ ಬೇಸಿಗೆ, ಮೂಡಣ ಗಾಳಿ, ಒಣಗಿದ ಮರದ ಮನೆಗಳು ಸೇರಿ ಹದಿಮೂರು ಸಾವಿರಕ್ಕೂ ಹೆಚ್ಚು ಮನೆಗಳು ಸುಟ್ಟವು. ಅವತ್ತಿನ ಬಿಸಿಲನ್ನು ಈಗಿನ ಬಿಸಿಲಿನ ಜೊತೆ ಹೋಲಿಸಬೇಕಾದರೆ ಸೆಪ್ಟೆಂಬರ್ 12ರ ಜೊತೆ ಹೋಲಿಸಬೇಕು. ಸೂರ್ಯ ಇದ್ದದ್ದು ಆ ಜಾಗದಲ್ಲಿ.

ಹವೆಯ ವಿಷಯಕ್ಕೆ ಇನ್ನೊಂದು ತಕರಾರು ಬರುತ್ತದೆ. ಉತ್ತರದ ದೇಶಗಳಲ್ಲಿ ಸೆಪ್ಟೆಂಬರ್ 2 ಬೇಸಿಗೆಯೋ ಶರತ್ಕಾಲವೋ? ಹವಾಮಾನದವರ ತಿಂಗಳ ಲೆಕ್ಕದಲ್ಲಿ ಹಿಂದಿನ ದಿನವೇ ಶರತ್ಕಾಲ ಶುರುವಾಗಿದೆ. ಖಗೋಳದ ಲೆಕ್ಕದಲ್ಲಿ ಇನ್ನೂ ಸುಮಾರು ಮೂರು ವಾರ ಇದೆ. ಎರಡೂ ಸರಿ. ಕಡಲು ನಿಧಾನವಾಗಿ ಕಾಯುವುದರಿಂದ ಅಟ್ಲಾಂಟಿಕ್ ಚಂಡಮಾರುತಗಳು ಜೋರಾಗುವುದೂ ಈ ಹೊತ್ತಿಗೇ. 1935ರ ಇದೇ ದಿನ ಫ್ಲೋರಿಡಾ ದ್ವೀಪಗಳಿಗೆ ಬಡಿದ ಚಂಡಮಾರುತದಲ್ಲಿ ಗಾಳಿಯ ಒತ್ತಡ 892 ಮಿಲಿಬಾರಿಗೆ ಇಳಿದಿತ್ತು.

1945ರ ನಮೂದಿನಲ್ಲಿ ಕ್ಯಾಲೆಂಡರ್ ಒಂದೇ, ಗಡಿಯಾರ ಬೇರೆ. ಟೋಕಿಯೋ ಕೊಲ್ಲಿಯಲ್ಲಿ ಜಪಾನ್ ಶರಣಾಗತಿಗೆ ಸಹಿ ಹಾಕಿದಾಗ ಅಲ್ಲಿ ಸೆಪ್ಟೆಂಬರ್ 2ರ ಬೆಳಗಿನ ಒಂಬತ್ತು ದಾಟಿತ್ತು. ವಾಷಿಂಗ್ಟನ್ನಿನಲ್ಲಿ ಇನ್ನೂ 1ರ ರಾತ್ರಿ. ಇಲ್ಲಿ ಘಟನೆ ನಡೆದ ಜಾಗದ ತಾರೀಖನ್ನೇ ಇಟ್ಟುಕೊಳ್ಳುತ್ತೇನೆ.

ಇಂಗ್ಲೆಂಡ್ ಕೊನೆಗೆ ಹೊಸ ಕ್ಯಾಲೆಂಡರಿಗೆ ಬಂದದ್ದು 1752ರಲ್ಲಿ. ಹಳೆಯ ಲೆಕ್ಕದ ಕೊನೆಯ ದಿನವೂ ಸೆಪ್ಟೆಂಬರ್ 2. ಅವತ್ತು ಬುಧವಾರ. ಮಾರನೇ ದಿನ ಗುರುವಾರ, ಸೆಪ್ಟೆಂಬರ್ 14. ತಾರೀಖು ಹನ್ನೊಂದು ದಿನ ಹಾರಿತು, ವಾರದ ಸರಪಳಿ ಮಾತ್ರ ತುಂಡಾಗಲಿಲ್ಲ. ಅದಕ್ಕೇ ಹಳೆಯ ಕಾಗದದಲ್ಲಿ ತಾರೀಖಿನ ಪಕ್ಕ ವಾರ ಬರೆದಿದ್ದರೆ ನನಗೆ ನಿಧಿ ಸಿಕ್ಕಷ್ಟು ಸಂತೋಷ.

ಇದನ್ನು ನನಗೆ ಮನದಟ್ಟು ಮಾಡಿಸಿದವರು ಒಬ್ಬ ನಿವೃತ್ತ ಮೇಷ್ಟ್ರು. ಶುರುವಿನ ವರ್ಷಗಳಲ್ಲಿ ಎರಡು ಪುಸ್ತಕ ನೋಡಿ ಓಸ್ಟ್‌ವಾಲ್ಡರ ಜನ್ಮದಿನವನ್ನು ಆಗಸ್ಟ್ 21ಕ್ಕೂ ಹಾಕಿದ್ದೆ, ಹನ್ನೆರಡು ದಿನ ಬಿಟ್ಟು ಮತ್ತೂ ಹಾಕಿದ್ದೆ. ಮೇಷ್ಟ್ರು ಅಂಚೆ ಕಾರ್ಡು ಬರೆದರು. ಬೈಗುಳ ಇರಲಿಲ್ಲ. ಸಣ್ಣ ಅಕ್ಷರದಲ್ಲಿ ಎರಡು ಲೆಕ್ಕ ಮಾಡಿದ್ದರು, ಹಳೆಯ ಕ್ಯಾಲೆಂಡರಿನಲ್ಲಿ ಆಗಸ್ಟ್ 21 ಯಾವ ವಾರ, ಹೊಸದರಲ್ಲಿ ಸೆಪ್ಟೆಂಬರ್ 2 ಯಾವ ವಾರ ಎಂದು. ಕೆಳಗೆ ಇಷ್ಟೇ ಬರೆದಿದ್ದರು: "ಎರಡೂ ಶುಕ್ರವಾರ ಬಂತು. ಹಾಗಾದರೆ ಒಂದೇ ದಿನ, ಅಲ್ವಾ?"