ನೆರೆ ಇಳಿದ ಮರುದಿನದ ಪಾರ್ಕ್

ನದಿದಂಡೆಯ ಪಾರ್ಕ್ ಮಳೆಗಾಲದಲ್ಲಿ ಮುಳುಗಿದರೆ, ದುಡ್ಡೆಲ್ಲ ನೀರಿಗೆ ಹಾಕಿದರು ಅಂತ ಬೈಯುವವರೇ ಜಾಸ್ತಿ. ಆದರೆ ಮುಳುಗುವುದೂ ಅದರ ಕೆಲಸವೇ. ನೆರೆಯ ನೀರಿಗೆ ಎಲ್ಲಾದರೂ ಜಾಗ ಬೇಕಲ್ವಾ? ಮನೆಗಳಿಗೆ ನುಗ್ಗುವ ಬದಲು ಹುಲ್ಲಿನ ಮೇಲೆ ಎರಡು ದಿನ ನಿಂತು ಹೋಗಲಿ. ನೀರು ಇಳಿದ ಮೇಲೆ ಎಷ್ಟು ಬೇಗ ಜನ ಮತ್ತೆ ಅಲ್ಲಿ ನಡೆದಾಡಬಹುದು ಅನ್ನುವುದನ್ನು ನೋಡಿಯೇ ನಾನು ಪಾರ್ಕಿಗೆ ಅಂಕ ಕೊಡುತ್ತೇನೆ.

ನದಿಯ ಎರಡೂ ಕಡೆ ಗೋಡೆ ಎಬ್ಬಿಸಿದರೆ ಅಷ್ಟೇ ನೀರು ಕಿರಿದಾದ ಜಾಗದಲ್ಲಿ ಹಾಯಬೇಕಾಗುತ್ತದೆ. ಮಟ್ಟ ಏರುತ್ತದೆ, ವೇಗವೂ ಹೆಚ್ಚುತ್ತದೆ. ವೇಗ ಎರಡು ಪಟ್ಟಾದರೆ ನೀರು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಬೆಂಚು, ಕಂಬ, ದಂಡೆಯ ಮಣ್ಣು ಕಿತ್ತು ಹೋಗುವುದು ಈ ಬಲಕ್ಕೆ. ನದಿಗೆ ಅಗಲ ಕೊಟ್ಟರೆ ಮಟ್ಟ, ವೇಗ ಎರಡೂ ತಗ್ಗುತ್ತವೆ.

ಸಿಂಗಪುರದ ಬಿಶಾನ್-ಆಂಗ್ ಮೋ ಕಿಯೊ ಪಾರ್ಕಿನಲ್ಲಿ ಮಾಡಿದ್ದು ಇದನ್ನೇ. ಅಲ್ಲಿ ಕಲ್ಲಾಂಗ್ ನದಿ 2.7 ಕಿ.ಮೀ. ಉದ್ದದ ನೇರ ಕಾಂಕ್ರೀಟ್ ಕಾಲುವೆಯಾಗಿತ್ತು. 2012ರ ಹೊತ್ತಿಗೆ ಕಾಂಕ್ರೀಟ್ ಒಡೆದು, 3 ಕಿ.ಮೀ.ಗೂ ಹೆಚ್ಚು ಉದ್ದಕ್ಕೆ ಬಳುಕಿ ಹರಿಯುವಂತೆ ಮಾಡಿದರು. ಮಳೆಯಿಲ್ಲದಾಗ ಅದು ಮಕ್ಕಳು ಇಳಿದು ಆಡುವ ತೊರೆ. ಜೋರು ಮಳೆಗೆ ಅಕ್ಕಪಕ್ಕದ ಹುಲ್ಲುಗಾವಲೂ ನದಿಯೇ. ನೀರು ಏರುವಾಗ ಸೈರನ್ ಕೂಗುತ್ತದೆ, ಎಚ್ಚರಿಕೆಯ ದೀಪ ಹತ್ತುತ್ತದೆ. ದಂಡೆ ಇಳಿಜಾರಾಗಿರುವುದರಿಂದ ಜನ ಸುಮ್ನೆ ಮೇಲಕ್ಕೆ ನಡೆದು ಹೋಗಬಹುದು. ಕಡಿದಾದ ಗೋಡೆಯ ಕಾಲುವೆಯಲ್ಲಿ ಸಿಕ್ಕಿಕೊಂಡವರಿಗೆ ಈ ದಾರಿ ಇರುವುದಿಲ್ಲ.

ಯಾವುದನ್ನು ಎಲ್ಲಿಡಬೇಕು ಅನ್ನುವುದನ್ನು ಎತ್ತರ ನೋಡಿ ತೀರ್ಮಾನಿಸಬೇಕು. ಪ್ರತಿ ವರ್ಷ ಮುಳುಗುವ ಕಡೆ ಹುಲ್ಲು, ಕಾಲುದಾರಿ, ಬಾಗುವ ಪೊದೆಗಳು ಸಾಕು. ವಿಲೋ ಜಾತಿಯ ಗಿಡಗಳು ಸೆಳೆತಕ್ಕೆ ಬಾಗಿ ಮತ್ತೆ ಏಳುತ್ತವೆ, ಅವುಗಳ ಬೇರು ಮಣ್ಣನ್ನು ಹಿಡಿದಿಡುತ್ತದೆ. ಶೌಚಾಲಯ, ವಿದ್ಯುತ್ ಪೆಟ್ಟಿಗೆ ಮೇಲ್ಗಡೆ ಇರಲಿ. ನೂರು ವರ್ಷಕ್ಕೊಮ್ಮೆ ಬರುವ ನೆರೆ ತಾನೇ ಅಂತ ಅವನ್ನು ಕೆಳಗಿಡುವುದು ತಪ್ಪು. ಅಂಥ ನೆರೆ ಯಾವ ವರ್ಷ ಬೇಕಾದರೂ ಬರುವ ಸಾಧ್ಯತೆ 1%. 30 ವರ್ಷಗಳಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಸುಮಾರು 26%.

ನೀರಿಗಿಂತ ದೊಡ್ಡ ತಲೆನೋವು ಹೂಳು. ಹರಿವು ನಿಧಾನವಾದ ಕಡೆಯೆಲ್ಲ ಅದು ಕೂರುತ್ತದೆ. ನಾವು ಬೇಕೆಂದೇ ನಿಧಾನ ಮಾಡಿದ್ದೇವೆ, ಹಾಗಾಗಿ ಹೂಳು ಬಂದೇ ಬರುತ್ತದೆ. 2017ರಲ್ಲಿ ಹಾರ್ವಿ ಚಂಡಮಾರುತದ ನೆರೆ ಇಳಿದಾಗ ಹ್ಯೂಸ್ಟನ್ನಿನ ಬಫಲೋ ಬಾಯೂ ಪಾರ್ಕಿನ ತಗ್ಗು ಭಾಗಗಳು ರಾಶಿ ರಾಶಿ ಹೂಳಿನಡಿ ಇದ್ದವು. ತೆಗೆದು ಮುಗಿಸಲು ತಿಂಗಳುಗಳೇ ಹಿಡಿದವು. ಆದ್ದರಿಂದ ಮೆಟ್ಟಿಲು, ಕಾಲುದಾರಿಗಳಿಗೆ ನದಿಯ ಕಡೆ ಸ್ವಲ್ಪ ಇಳಿಜಾರು ಬೇಕು. ಕೆಸರು ಒಣಗಿ ಗಟ್ಟಿಯಾಗುವ ಮೊದಲೇ ನೀರು ಹಾಯಿಸಿ ತೊಳೆಯಲು ಆಗಬೇಕು. ತೊಳೆಯುವ ವಾಹನ ಒಳಗೆ ಬರುವಷ್ಟು ದಾರಿ ಅಗಲವಿರಬೇಕು. ಹರಿವಿಗೆ ಅಡ್ಡವಾಗಿ ಜಾಲರಿ ಬೇಲಿ ಹಾಕಲೇಬಾರದು. ಕಸಕಡ್ಡಿ ಸಿಕ್ಕಿಕೊಂಡು ಅದು ಅಣೆಕಟ್ಟಾಗುತ್ತದೆ, ಕೊನೆಗೆ ಕಿತ್ತುಕೊಂಡು ಹೋಗುತ್ತದೆ. ನಕ್ಷೆಯ ಮೇಲೆ ಚೆನ್ನಾಗಿ ಕಾಣುವ ಎಷ್ಟೋ ಪಾರ್ಕುಗಳು ಸೋಲುವುದು ಇಂಥ ಸಣ್ಣ ವಿಷಯಗಳಲ್ಲೇ.

ಚೀನಾದ ಜಿನ್‌ಹುವಾ ನಗರದ ಯಾನ್‌ವೆಜೌ ಪಾರ್ಕಿನಲ್ಲಿ ಹೂಳನ್ನೂ ಕೆಲಸಕ್ಕೆ ಹಚ್ಚಿದ್ದಾರೆ. ವಿನ್ಯಾಸಕಾರ ಕಾಂಗ್‌ಜಿಯಾನ್ ಯು ಅಲ್ಲಿ ಎತ್ತರದ ತಡೆಗೋಡೆಯ ಬದಲು ಹಂತ ಹಂತವಾದ ದಂಡೆ ಮಾಡಿ, ಆ ನೆಲದ್ದೇ ಹುಲ್ಲು ಬೆಳೆಸಿದರು. ನೆರೆ ತರುವ ಹೂಳೇ ಆ ಹುಲ್ಲಿಗೆ ಗೊಬ್ಬರ. ಕಾಲುಸೇತುವೆಯನ್ನು ಮಾತ್ರ ನೆರೆಯ ಮಟ್ಟಕ್ಕಿಂತ ಮೇಲೆ ಕಟ್ಟಿದ್ದಾರೆ. ದಂಡೆ ಮುಳುಗಿದಾಗಲೂ ಜನ ಅದರ ಮೇಲೆ ಈ ದಡದಿಂದ ಆ ದಡಕ್ಕೆ ನಡೆದು ಹೋಗಬಹುದು.