ಮಧ್ಯಾಹ್ನ ಎರಡು ಗಂಟೆಯ ನಡುರಾತ್ರಿ

ಶೇಕ್ಸ್‌ಪಿಯರನ ನಾಟಕಕ್ಕೆ ಬೆಳಕಿನ ವಿನ್ಯಾಸ ಮಾಡಿಕೊಡಿ ಎಂದು ಬರುವ ತಂಡಗಳಲ್ಲಿ ಹೆಚ್ಚಿನವು, ಎಲ್ಲವೂ ಅವನ ತಂಡ ಆಡುತ್ತಿದ್ದ ಲಂಡನ್ನಿನ ಹಳೆಯ ಗ್ಲೋಬ್ ರಂಗಮಂದಿರದ ಹಾಗೆಯೇ ಇರಬೇಕು ಎನ್ನುತ್ತವೆ. ಅದೇ ಉಸಿರಿನಲ್ಲಿ, ಪ್ರೇಕ್ಷಾಗೃಹ ಪೂರ್ತಿ ಕತ್ತಲಾಗಿ ನಟನ ಮುಖದ ಮೇಲೆ ಮಾತ್ರ ಬೆಳಕು ಬೀಳಲಿ ಎಂದೂ ಕೇಳುತ್ತವೆ. ಇವೆರಡೂ ಒಟ್ಟಿಗೆ ಆಗುವ ಮಾತಲ್ಲ ಎಂದು ವರ್ಷಗಳಿಂದ ಹೇಳುತ್ತಲೇ ಇದ್ದೇನೆ.

1576ರಲ್ಲಿ ಜೇಮ್ಸ್ ಬರ್ಬೇಜ್ ಲಂಡನ್ನಿನ ಷೋರ್‌ಡಿಚ್‌ನಲ್ಲಿ ಕಟ್ಟಿಸಿದ ‘ದಿ ಥಿಯೇಟರ್’ ಎಂಬ ರಂಗಮಂದಿರವಾಗಲಿ, ಅದರದೇ ಮರಮಟ್ಟುಗಳಿಂದ ಥೇಮ್ಸ್ ನದಿಯ ದಕ್ಷಿಣ ದಡದಲ್ಲಿ 1599ರಲ್ಲಿ ಎದ್ದುನಿಂತ ಗ್ಲೋಬ್ ಆಗಲಿ, ನಡುವಿನ ಅಂಗಳ ಆಕಾಶಕ್ಕೆ ತೆರೆದೇ ಇತ್ತು. ಆಟ ನಡೆಯುತ್ತಿದ್ದುದು ಹಗಲಿನಲ್ಲಿ. ಶೇಕ್ಸ್‌ಪಿಯರನ ತಂಡದ ಪೋಷಕ ಲಾರ್ಡ್ ಹನ್ಸ್‌ಡನ್ 1594ರ ಅಕ್ಟೋಬರಿನಲ್ಲಿ ಲಂಡನ್ನಿನ ಮೇಯರನಿಗೆ ಬರೆದ ಪತ್ರದಲ್ಲಿ, ಈವರೆಗೆ ನಾಲ್ಕರ ಸುಮಾರಿಗೆ ತೊಡಗುತ್ತಿದ್ದ ಆಟ ಇನ್ನು ಎರಡಕ್ಕೇ ತೊಡಗಿ ನಾಲ್ಕು-ಐದರ ನಡುವೆ ಮುಗಿಯುತ್ತದೆ ಎಂದು ಮಾತು ಕೊಟ್ಟಿದ್ದಾನೆ. ಡಿಸೆಂಬರಿನಲ್ಲಿ ಆ ಊರಿನ ಸೂರ್ಯ ನಾಲ್ಕಕ್ಕೆ ಮೊದಲೇ ಮುಳುಗುತ್ತಾನೆಂಬುದನ್ನು ನೆನೆದರೆ ಈ ಹೊತ್ತಿನ ಲೆಕ್ಕದ ಮಹತ್ವ ತಿಳಿಯುತ್ತದೆ. ಒಂದು ಪೆನ್ನಿ ಕೊಟ್ಟು ಅಂಗಳದಲ್ಲಿ ನಿಂತವನಿಗೂ, ಇನ್ನೊಂದು ಪೆನ್ನಿ ಸೇರಿಸಿ ಮೇಲಿನ ಗ್ಯಾಲರಿಯಲ್ಲಿ ಕುಳಿತವನಿಗೂ, ನಟನಿಗೂ ಇದ್ದುದು ಒಂದೇ ಹಗಲು. ನಟ ಪ್ರೇಕ್ಷಕನ ಕಣ್ಣನ್ನೇ ನೋಡಿ ಮಾತಾಡಬಲ್ಲವನಾಗಿದ್ದ.

ಹಾಗಾದರೆ ರಾತ್ರಿಯನ್ನು ಹೇಗೆ ತೋರಿಸುತ್ತಿದ್ದರು? ಮಾತಿನಿಂದ, ಮೈಯಿಂದ, ಕೈಯಲ್ಲಿ ಹಿಡಿದ ಪಂಜಿನಿಂದ. ಆ ಪಂಜು ಬೆಳಕು ಕೊಡುವುದಕ್ಕಲ್ಲ, ಕತ್ತಲಾಗಿದೆ ಎಂದು ಹೇಳುವುದಕ್ಕೆ. ಈ ಒಂದು ಮಾತು ಅರ್ಥವಾದರೆ ಉಳಿದುದೆಲ್ಲ ತಾನಾಗಿ ತಿಳಿಯುತ್ತದೆ. ‘ಹ್ಯಾಮ್ಲೆಟ್’ ನಾಟಕ ‘ಯಾರಲ್ಲಿ?’ ಎಂಬ ಕೂಗಿನಿಂದ ಆರಂಭವಾಗುತ್ತದೆ. ಕೂಗುವವನು ಕಾವಲಿಗೆ ನಿಂತವನಲ್ಲ, ಅವನಿಂದ ಕಾವಲು ವಹಿಸಿಕೊಳ್ಳಲು ಬಂದವನು; ಕೇಳಬೇಕಾದವನು ಬೇರೆ, ಕೇಳಿದವನು ಬೇರೆ. ಮಧ್ಯಾಹ್ನದ ಬೆಳಕಿನಲ್ಲಿ ಇಬ್ಬರನ್ನೂ ಸ್ಪಷ್ಟವಾಗಿ ಕಾಣುತ್ತಿದ್ದ ಜನರಿಗೆ, ಅವರಿಬ್ಬರೂ ಒಬ್ಬರನ್ನೊಬ್ಬರು ಕಾಣಲಾರರು ಎಂಬುದೇ ಆ ದೃಶ್ಯದ ಭಯವಾಗಿತ್ತು. ನಾವು ದೀಪವಾರಿಸಿದ ಕೂಡಲೇ ಪ್ರೇಕ್ಷಕನೂ ಕುರುಡನಾಗುತ್ತಾನೆ, ಅವನಿಗಿದ್ದ ಆ ಹೆಚ್ಚಿನ ಅರಿವು ಕಳೆದುಹೋಗುತ್ತದೆ.

ಇದನ್ನು ಎಲ್ಲ ರಂಗಮಂದಿರಗಳಿಗೂ ಹೊಂದಿಸಿ ಹೇಳುವಂತಿಲ್ಲ. ಶೇಕ್ಸ್‌ಪಿಯರನ ಇದೇ ತಂಡ ಮುಂದೆ ಬ್ಲ್ಯಾಕ್‌ಫ್ರೈಯರ್ಸ್ ಎಂಬ ಒಳಾಂಗಣ ರಂಗಮಂದಿರದಲ್ಲಿ ಮೇಣದ ಬತ್ತಿಗಳ ಬೆಳಕಿನಲ್ಲೂ ಆಡಿತು. ಆದರೆ ಅಲ್ಲಿಯೂ ನೋಡುವವರನ್ನು ಕತ್ತಲಲ್ಲಿ ಕೂರಿಸುತ್ತಿರಲಿಲ್ಲ. ಸಿರಿವಂತ ತರುಣರು ವೇದಿಕೆಯ ಮೇಲೆಯೇ ಪೀಠ ಹಾಕಿಸಿಕೊಂಡು ಕೂರುತ್ತಿದ್ದರು. ಕತ್ತಲನ್ನು ಬಳಸಲೇಬಾರದೆಂಬುದು ನನ್ನ ವಾದವಲ್ಲ, ಅದನ್ನು ಗ್ಲೋಬಿನ ಹೆಸರಿನಲ್ಲಿ ಕೇಳಬೇಡಿ ಎಂಬುದಷ್ಟೇ ನನ್ನ ಕೋರಿಕೆ.

ಒಮ್ಮೆ ಕಾಲೇಜು ತಂಡವೊಂದರ ‘ಹ್ಯಾಮ್ಲೆಟ್’ ತಾಲೀಮಿನಲ್ಲಿ ವಾದಿಸಿ ಸೋತು, ಸಭಾಂಗಣದ ಎಲ್ಲ ದೀಪಗಳನ್ನೂ ಹಾಕಿಸಿ ಮೊದಲ ದೃಶ್ಯವನ್ನು ಆಡಿರೆಂದೆ. ಪಾಳಿಗೆ ಬರುವ ಕಾವಲುಗಾರನ ಪಾತ್ರದ ಹುಡುಗ, ಎರಡು ಮಾರು ದೂರದಲ್ಲಿದ್ದ ಗೆಳೆಯನನ್ನು ಕಾಣದವನಂತೆ, ಕಾಲಿನಿಂದ ನೆಲ ತಡವುತ್ತಾ, ಈಟಿಯನ್ನು ತಪ್ಪು ದಿಕ್ಕಿಗೆ ಚಾಚಿ ಕೂಗಿದ. ಹರಟುತ್ತಿದ್ದ ಉಳಿದ ಮಕ್ಕಳು ಸುಮ್ಮನಾದರು, ಮುಂದಿನ ಸಾಲಿನ ಹುಡುಗಿಯೊಬ್ಬಳು ಅವನಿಗೆ ಸರಿಯಾದ ದಿಕ್ಕು ತೋರಿಸಲು ಕೈಯೆತ್ತಿದಳು. ಆ ಪ್ರಯೋಗದ ದಿನ, ಮೊದಲ ದೃಶ್ಯ ಮುಗಿಯುವವರೆಗೂ ಪ್ರೇಕ್ಷಾಗೃಹದ ಒಂದು ದೀಪವನ್ನೂ ನಾನು ಆರಿಸಲಿಲ್ಲ.